ತಂತಿಯಲ್ಲಿ ಬಂದ ಶಸ್ತ್ರವೈದ್ಯ

ರೋಗಿ ಒಂದೆಡೆ, ಶಸ್ತ್ರವೈದ್ಯ ಮತ್ತೊಂದೆಡೆ. ನಡುವೆ ಸಾವಿರಾರು ಮೈಲಿ. ವೈದ್ಯನ ವಿದ್ಯೆ ರೋಗಿಯನ್ನು ಮುಟ್ಟುವುದು ಹೇಗೆ? ಮನೆಯಲ್ಲಿ ಕುಳಿತು ದೂರದೂರಿನ ಗಾಯನವನ್ನು ಆಲಿಸುವ ತಮಗೆ ಇದು ಅಸಾಧ್ಯವೆನಿಸಲಾರದು. ಆದರೆ ಹಾಡು ಒಂದು ಕಡೆಯಿಂದ ಬಂದರೆ ಸಾಕು. ಚಿಕಿತ್ಸೆಗೆ ಮಾತು ಎರಡು ಕಡೆಯಿಂದಲೂ ಹರಿಯಬೇಕಷ್ಟೆ.

1917ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಒಳನಾಡಿನಲ್ಲಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಹೊಟ್ಟೆಗೆ ಭಾರಿ ಪೆಟ್ಟು ಮಾಡಿಕೊಂಡ. ಗೆಳೆಯರು ಅವನನ್ನು ಹಾಲ್ಸ್ ಕ್ರೀಕ್ ಎಂಬ ಊರಿಗೆ ಹೊತ್ತು ತಂದರು. ಅಲ್ಲಿ ವೈದ್ಯರಿಲ್ಲ, ಪ್ರಥಮ ಚಿಕಿತ್ಸೆ ಬಲ್ಲ ಪೋಸ್ಟ್ ಮಾಸ್ತರ ಟಕೆಟ್ ಇದ್ದ. ಅವನಿಗೆ ಆ ಪಾಠ ಹೇಳಿದ್ದ ಡಾ. ಹಾಲೆಂಡ್ ಇದ್ದದ್ದು ದೂರದ ಪರ್ತ್ ನಗರದಲ್ಲಿ. ಟಕೆಟ್ ತಂತಿಯಲ್ಲಿ ರೋಗದ ಲಕ್ಷಣಗಳನ್ನು ವಿವರಿಸಿದ. ವೈದ್ಯರು ಪ್ರಶ್ನೆ ಕೇಳಿ ಮೂತ್ರಕೋಶ ಒಡೆದಿದೆಯೆಂದು ನಿರ್ಧರಿಸಿ, ಕೂಡಲೇ ಕೊಯ್ಯಬೇಕೆಂದರು. ಇದ್ದ ಉಪಕರಣವೆಂದರೆ ಜೇಬಿನ ಚಾಕು. ಕ್ರಿಮಿನಾಶಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್. ಮೋರ್ಸ್ ಸಂಜ್ಞೆಯಲ್ಲಿ ಒಂದೊಂದೇ ಸೂಚನೆ ಬರುತ್ತಿದ್ದಂತೆ, ಎಂದೂ ಶಸ್ತ್ರ ಹಿಡಿಯದಿದ್ದ ಆ ಕೈ ಕೆಲಸವನ್ನು ಮುಗಿಸಿತು. ಎಂಥ ಗುಂಡಿಗೆ, ನೋಡಿ! ಬಳಿಕ ವೈದ್ಯರು ಹಡಗು, ಮೋಟಾರು ಹತ್ತಿ ಹೊರಟರು. ಅವರು ತಲುಪುವ ಹಿಂದಿನ ದಿನವೇ ಡಾರ್ಸಿ ತೀರಿಕೊಂಡಿದ್ದ. ಶಸ್ತ್ರಚಿಕಿತ್ಸೆ ಸರಿಯಾಗಿಯೇ ನಡೆದಿತ್ತು. ಅವನನ್ನು ಕೊಂದದ್ದು ಯಾರೂ ಗುರುತಿಸದಿದ್ದ ಮಲೇರಿಯಾ. ತಂತಿ ಕೇಳಿದ್ದನ್ನಷ್ಟೇ ತಿಳಿಸಬಲ್ಲದು.

ಈ ಸಾವು ಪಾದ್ರಿ ಜಾನ್ ಫ್ಲಿನ್ ಅವರ ಮನಸ್ಸನ್ನು ಕಲಕಿತು. 1928ರಲ್ಲಿ ಅವರ ಪ್ರಯತ್ನದಿಂದ ಕ್ಲಾನ್‌ಕರಿಯಲ್ಲಿ ವಿಮಾನದ ವೈದ್ಯಸೇವೆ ಆರಂಭವಾಯಿತು. ಆದರೆ ವಿಮಾನವನ್ನು ಕರೆಯುವುದು ಹೇಗೆ? ವಿದ್ಯುತ್ತಿಲ್ಲದ ಆ ಹಟ್ಟಿಗಳಿಗಾಗಿ ಆಲ್ಫ್ರೆಡ್ ಟ್ರೇಗರ್ ಕಾಲಿನಿಂದ ಪೆಡಲ್ ತುಳಿದು ನಡೆಸುವ ನಿಸ್ತಂತು ಯಂತ್ರವನ್ನು ರೂಪಿಸಿದರು. 1929ರಲ್ಲಿ ಅದು ಬಳಕೆಗೆ ಬಂತು. ಮುಂದೆ ಮನೆಮನೆಗೆ ಔಷಧದ ಪೆಟ್ಟಿಗೆಯೂ ಬಂತು. ಪ್ರತಿ ಔಷಧಕ್ಕೂ ಒಂದು ಅಂಕಿ. ಹೆಸರು ಉಚ್ಚರಿಸಲು ತಿಣುಕಬೇಕಿಲ್ಲ. ಇಂತಿಷ್ಟನೆಯ ಸೀಸೆಯಿಂದ ಎರಡು ಗುಳಿಗೆ ಕೊಡಿ ಎಂದರೆ ಮುಗಿಯಿತು.

ಕೈಯನ್ನೇ ಕಳುಹಿಸುವ ಕಾಲವೂ ಬಂತು. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕುಳಿತು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ರೋಬಟ್ ಮೂಲಕ ತೆಗೆದರು. ಅವರ ಕೈ ಅಲುಗಿದ್ದು ಪರದೆಯಲ್ಲಿ ಕಾಣಲು ಸೆಕೆಂಡಿನ ಆರನೆಯ ಒಂದು ಪಾಲಿನಷ್ಟೂ ಹಿಡಿಯಲಿಲ್ಲ. ಈ ವಿಳಂಬ ಹೆಚ್ಚಿದರೆ ಅಪಾಯ: ಕತ್ತರಿ ನಿಂತಿತೆಂದು ವೈದ್ಯರು ಭಾವಿಸುವಾಗ ಅದು ಇನ್ನೂ ಚಲಿಸುತ್ತಿರುತ್ತದೆ. ಅಷ್ಟಾದರೂ ಸ್ಟ್ರಾಸ್‌ಬರ್ಗಿನ ಮೇಜಿನ ಬಳಿ ಬೇರೆ ಶಸ್ತ್ರವೈದ್ಯರು ಸಿದ್ಧರಾಗಿಯೇ ನಿಂತಿದ್ದರು, ಸಂಪರ್ಕ ಕಡಿದರೆ ಮುಂದುವರಿಸಲು.