ಫೋರ್‌ವೀಲ್ ಡ್ರೈವ್ ಪಿಕಪ್: ಕೊಂಡರೆ ಸಾಲದು, ಕಲಿಯಬೇಕು

ಮಲೆನಾಡಿನ ವ್ಯಾಪಾರಕ್ಕೆ ಡಾಂಬರು ರಸ್ತೆ ಅರ್ಧ ದಾರಿ ಮಾತ್ರ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ತೋಟಗಳಿಗೆ ಗೊಬ್ಬರ, ಪೈಪು, ಪಂಪ್‌ಸೆಟ್ ತಲುಪಿಸುವ ವರ್ತಕರಿಗೆ ಮುಂಗಾರಿನ ಕೆಸರಿನ ಏರುಹಾದಿಯೇ ನಿಜವಾದ ಪರೀಕ್ಷೆ. ಇದಕ್ಕಾಗಿಯೇ ಹಲವರು ಹೆಚ್ಚಿನ ಹಣ ತೆತ್ತು ಫೋರ್‌ವೀಲ್ ಡ್ರೈವ್ ಪಿಕಪ್ ಕೊಳ್ಳುತ್ತಾರೆ. ಆದರೆ ವಾಹನಕ್ಕೆ ಲಕ್ಷಗಟ್ಟಲೆ ವ್ಯಯಿಸುವ ಮಾಲೀಕರು ಚಾಲಕನ ಕಲಿಕೆಗೆ ಒಂದು ದಿನವನ್ನೂ ಮೀಸಲಿಡುವುದು ಅಪರೂಪ.

ಯಂತ್ರದ ಮರ್ಮ

ಇಂತಹ ಬಹುತೇಕ ಪಿಕಪ್‌ಗಳಲ್ಲಿ ಎಂಜಿನ್ನಿನ ಬಲ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಹರಿಯುತ್ತದೆ. ಇದು 'ಟು ಹೈ'. 'ಫೋರ್ ಹೈ'ಗೆ ಬದಲಿಸಿದಾಗ ಮುಂದಿನ ಆಕ್ಸಲ್ಲಿಗೂ ಬಲ ದೊರೆಯುತ್ತದೆ. 'ಫೋರ್ ಲೋ'ನಲ್ಲಿ ವೇಗ ಕುಗ್ಗಿ ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ; ಕಡಿದಾದ ಏರಿಳಿತಕ್ಕೆ ಇದೇ ಆಧಾರ. ವಾಹನವನ್ನು ನಿಲ್ಲಿಸಿಯೇ ಇದಕ್ಕೆ ಬದಲಿಸುವುದು ಕ್ಷೇಮ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಿ ಚಕ್ರ ತುಸು ಜಾರುವುದರಿಂದ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಆದುದರಿಂದ ಗಟ್ಟಿ ರಸ್ತೆ ತಲುಪಿದೊಡನೆ 'ಟು ಹೈ'ಗೆ ಮರಳಬೇಕು.

ಹಾದಿಯ ಶಿಸ್ತು

ಚಾಲಕರು ಮಾಡುವ ಮೊದಲ ತಪ್ಪೆಂದರೆ, ವಾಹನ ಹೂತ ಬಳಿಕ ಫೋರ್‌ವೀಲ್ ಹಾಕುವುದು. ಕೆಸರಿಗಿಳಿಯುವ ಮುನ್ನವೇ ಹಾಕಬೇಕು. ಚಕ್ರ ನಿಂತಲ್ಲೇ ತಿರುಗಿದರೆ ಆಕ್ಸಿಲರೇಟರ್ ಒತ್ತಿದಷ್ಟೂ ಹೊಂಡ ಆಳವಾಗುತ್ತದೆ. ಕೂಡಲೇ ನಿಲ್ಲಿಸಿ, ಬಂದ ಜಾಡಿನಲ್ಲೇ ಹಿಂದೆ ಸರಿಯುವುದು ಜಾಣತನ.

ಏರಿನ ನಡುವೆ ಗೇರ್ ಬದಲಿಸಬಾರದು. ಎಂಜಿನ್ ನಿಂತುಹೋದರೆ ಅಡ್ಡಡ್ಡ ತಿರುಗಿಸಲು ಹೋಗದೆ, ರಿವರ್ಸ್ ಗೇರಿನಲ್ಲಿ ನೇರವಾಗಿ ಕೆಳಗಿಳಿಯಬೇಕು. ಅಡ್ಡವಾದ ವಾಹನ ಉರುಳಬಹುದು. ಇಳಿಜಾರಿನಲ್ಲಿ 'ಫೋರ್ ಲೋ'ನ ಮೊದಲ ಗೇರಿನ ಹಿಡಿತವನ್ನು ನಂಬಬೇಕು, ಕ್ಲಚ್ ಒತ್ತಬಾರದು. ಹಳ್ಳ ಸಿಕ್ಕರೆ ಆಳ, ಸೆಳವು ತಿಳಿಯದೆ ವಾಹನ ಇಳಿಸಲಾಗದು. ಸೆಳವು ಬಲವಾಗಿದ್ದರೆ ಕಾಯುವುದೇ ಲೇಸು.

ಸರಕಿನ ಪಾತ್ರ

ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾದುದರಿಂದ ಹಿಂದಿನ ಚಕ್ರಗಳು ಬೇಗ ಜಾರುತ್ತವೆ. ಮಿತವಾದ ಸರಕು ಹಿಡಿತಕ್ಕೆ ನೆರವಾಗುತ್ತದೆ. ಎತ್ತರಕ್ಕೆ ಪೇರಿಸಿದ ಸರಕು ವಾಲಿದ ಹಾದಿಯಲ್ಲಿ ವಾಹನವನ್ನೇ ಮಗುಚಬಲ್ಲದು. ಭಾರವಾದುದನ್ನು ಕ್ಯಾಬಿನ್ನಿಗೆ ಒತ್ತಿ, ತಳದಲ್ಲಿಟ್ಟು, ಬಿಗಿಯಾಗಿ ಕಟ್ಟಬೇಕು. ಹೂತ ವಾಹನವನ್ನು ಎಳೆಯುವಾಗ ತಯಾರಕರು ನೀಡಿದ ಕೊಕ್ಕೆಗೇ ಹಗ್ಗ ಬಿಗಿದು, ಜನರನ್ನು ದೂರ ನಿಲ್ಲಿಸಬೇಕು. ತುಂಡಾದ ಹಗ್ಗ ಪ್ರಾಣಕ್ಕೇ ಎರವಾದೀತು.

ಮಾಲೀಕರ ಹೊಣೆ

ಮಳೆಗಾಲಕ್ಕೆ ಮುನ್ನ, ಪರಿಚಿತ ತೋಟದ ಹಾದಿಯಲ್ಲಿ, ಅನುಭವಿ ಚಾಲಕರೊಬ್ಬರ ಜೊತೆಯಲ್ಲಿ ಒಂದು ದಿನದ ಅಭ್ಯಾಸ ಏರ್ಪಡಿಸುವುದು ಕಷ್ಟವೇನಲ್ಲ. 'ಹಾದಿ ಸರಿಯಿಲ್ಲ, ಹಿಂದಿರುಗಿದೆ' ಎನ್ನುವ ಚಾಲಕನನ್ನು ಗದರಿಸದಿರುವುದೂ ಅಷ್ಟೇ ಮುಖ್ಯ. ಗದರಿಕೆಗೆ ಅಂಜಿದವನು ಮುಂದಿನ ಬಾರಿ ಹಳ್ಳಕ್ಕೆ ಇಳಿಯುತ್ತಾನೆ. ಒಂದು ದಿನ ತಡವಾದ ಸರಕನ್ನು ಗ್ರಾಹಕರು ಕ್ಷಮಿಸಿಯಾರು. ಕೊಚ್ಚಿಹೋದ ವಾಹನದ ವಿಮೆಯಿಂದ ಹೋದ ಜೀವ ಮರಳದು.