ಹಳೆಯ ಕಾರಿನ ಹಿನ್ನೋಟದ ಕನ್ನಡಿ: ಸಡಿಲವಾದರೆ ಸರಿಪಡಿಸುವ ಬಗೆ

ಹಿರಿಯರು ಕೊಂಡ ಕಾರನ್ನು ಮಾರದೆ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಇಂದಿಗೂ ಅಲ್ಲಲ್ಲಿ ಉಂಟು. ಹೊದಿಕೆ ಹೊದ್ದು ನಿಂತ ಅಂಬಾಸಿಡರ್ ಕಾರು ಹಬ್ಬ ಮದುವೆಗಳಂದು ಹೊರಬಂದರೆ ಮನೆಮಂದಿಗೆಲ್ಲ ಸಂಭ್ರಮ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಸಿದ್ಧವಾಗುತ್ತಿದ್ದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದ್ದರಿಂದ ಅದರ ಒಂದೊಂದು ಬಿಡಿಭಾಗವನ್ನೂ ಜೋಪಾನ ಮಾಡುವುದು ಅವಶ್ಯ. ಎಂಜಿನ್, ಬ್ರೇಕ್‌ಗಳಿಗೆ ಸಲ್ಲುವ ಆರೈಕೆ ಚಾಲಕನ ಕಣ್ಣೆದುರಿಗೇ ಇರುವ ಹಿನ್ನೋಟದ ಕನ್ನಡಿಗೆ ಮಾತ್ರ ಸಲ್ಲುವುದಿಲ್ಲ.

ಕಳೆದ ವರ್ಷ ಬಂಧುಗಳೊಬ್ಬರ ಹಳೆಯ ಕಾರಿನಲ್ಲಿ ಪ್ರಯಾಣ ಮಾಡುವ ಸಂದರ್ಭ ಒದಗಿತು. ರಸ್ತೆಯ ಪ್ರತಿಯೊಂದು ಉಬ್ಬಿಗೂ ಕನ್ನಡಿ ತಲೆ ತಗ್ಗಿಸುತ್ತಿತ್ತು. ಅವರು ಎಡಗೈ ಎತ್ತಿ ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ಹಾಗೆ ಕೈಯೆತ್ತಿದ ಒಂದು ಗಳಿಗೆಯಲ್ಲಿ ಸೈಕಲ್ ಸವಾರನೊಬ್ಬ ಅಡ್ಡ ಬಂದ. ಕೂದಲೆಳೆಯಲ್ಲಿ ಅನಾಹುತ ತಪ್ಪಿತು. ಸಡಿಲವಾದ ಕನ್ನಡಿ ಹಿಂದಿನದನ್ನು ತೋರಿಸದೆ ಹೋಗುವುದಷ್ಟೇ ಅಲ್ಲ, ಮುಂದಿರುವುದನ್ನೂ ಮರೆಸುತ್ತದೆ ಎಂಬುದು ಅಂದು ಮನವರಿಕೆಯಾಯಿತು.

ಕನ್ನಡಿ ಅದುರುವ ಈ ದೋಷ ಕನ್ನಡಿಯಷ್ಟೇ ಹಳೆಯದು. 1909ರಲ್ಲಿ ಇಂಗ್ಲೆಂಡಿನ ಡೊರೊತಿ ಲೆವಿಟ್ ಎಂಬ ಮಹಿಳೆ, ಕಾರು ನಡೆಸುವ ಸ್ತ್ರೀಯರು ಹಿಂದೆ ಬರುವ ವಾಹನಗಳನ್ನು ನೋಡಲು ಕೈಗನ್ನಡಿಯೊಂದನ್ನು ಇಟ್ಟುಕೊಳ್ಳಬೇಕೆಂದು ತಮ್ಮ ಗ್ರಂಥದಲ್ಲಿ ಸಲಹೆ ಮಾಡಿದ್ದರು. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಪಂದ್ಯ ನಡೆಯಿತು. ಉಳಿದ ಸ್ಪರ್ಧಿಗಳು ಹಿಂದೆ ನೋಡಿ ಎಚ್ಚರಿಸಲು ಜೊತೆಗೊಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರೆ, ರೇ ಹ್ಯಾರೂನ್ ಒಬ್ಬನೇ ಕುಳಿತು, ಕಾರಿಗೆ ಕನ್ನಡಿ ಬಿಗಿಸಿಕೊಂಡು ಪಂದ್ಯವನ್ನು ಗೆದ್ದ. ಆದರೆ ಇಟ್ಟಿಗೆ ಹಾಸಿದ ಆ ಪಥದ ಕುಲುಕಾಟಕ್ಕೆ ಕನ್ನಡಿ ಅದುರಿ, ಅದರಲ್ಲಿ ಏನೂ ಸರಿಯಾಗಿ ಕಾಣಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನು.

ದುರಸ್ತಿಗೆ ಮೊದಲು ಸಡಿಲವೆಲ್ಲಿದೆ ಎಂಬುದನ್ನು ಅರಿಯಬೇಕು. ಒಂದು ಕೈಯಲ್ಲಿ ಕನ್ನಡಿಯ ಬುಡವನ್ನು ಹಿಡಿದು, ಇನ್ನೊಂದರಿಂದ ಕನ್ನಡಿಯನ್ನು ಮೆಲ್ಲಗೆ ಅಲುಗಿಸಿದರೆ ದೋಷ ಬುಡದಲ್ಲಿದೆಯೋ, ಕೀಲಿನಲ್ಲಿದೆಯೋ, ಚೌಕಟ್ಟಿನೊಳಗಿನ ಗಾಜಿನಲ್ಲಿದೆಯೋ ತಿಳಿದುಬರುತ್ತದೆ.

ಹಳೆಯ ಕಾರುಗಳಲ್ಲಿ ಕನ್ನಡಿಯ ಬುಡವನ್ನು ಸಾಮಾನ್ಯವಾಗಿ ಮುಂಗಾಜಿನ ಮೇಲಂಚಿನ ತಗಡಿಗೋ ಡ್ಯಾಶ್‌ಬೋರ್ಡಿಗೋ ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಬುಡ ಅಲುಗಿದರೆ ಸ್ಕ್ರೂಗಳನ್ನು ಕಳಚಿ, ತುಕ್ಕು ಒರೆಸಿ, ಸ್ಪ್ರಿಂಗ್ ವಾಷರ್ ಹಾಕಿ ಮತ್ತೆ ಬಿಗಿಯಬೇಕು. ರಂಧ್ರದ ಮರೆ ಸವೆದಿದ್ದರೆ ತುಸು ದಪ್ಪನೆಯ ಸ್ಕ್ರೂ ಬಳಸಬಹುದು, ಉದ್ದನೆಯದು ಸಲ್ಲದು. ಅದು ಛಾವಣಿಯ ತಗಡನ್ನು ಒಳಗಿನಿಂದ ಒತ್ತಿ ಉಬ್ಬಿಸುವ ಅಪಾಯವುಂಟು.

ಅತಿಯಾಗಿ ಕೆಡುವುದು ಕೀಲು. ಗುಂಡೊಂದು ಬಟ್ಟಲಿನೊಳಗೆ ತಿರುಗುವಂತೆ ಇದರ ರಚನೆ. ಗುಂಡು ನಿಂತಲ್ಲಿ ನಿಲ್ಲುವುದು ಉಜ್ಜಾಟದ ಬಲದಿಂದ. ಆದ್ದರಿಂದ ಇಲ್ಲಿ ಎಣ್ಣೆ, ಗ್ರೀಸ್ ತಾಗಕೂಡದು. ಬಿಗಿಯುವ ಸ್ಕ್ರೂ ಇದ್ದರೆ ಅದನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಮಾತ್ರ ತಿರುಗಿಸಿ ನೋಡಬೇಕು. ಎರಕದ ಹಳೆಯ ಲೋಹ ಅತಿ ಬಿಗಿತಕ್ಕೆ ಸೀಳುತ್ತದೆ. ಸೀಳಿದ ಬಟ್ಟಲಿಗೆ ಬದಲಿ ದೊರೆಯುವುದು ಕಷ್ಟ. ಬಿಗಿದರೂ ಜಾರಿದರೆ ಕೀಲನ್ನು ಬಿಚ್ಚಿ, ಸ್ಪಿರಿಟ್‌ನಿಂದ ಜಿಡ್ಡು ತೆಗೆದು, ಗುಂಡಿಗೂ ಬಟ್ಟಲಿಗೂ ನಡುವೆ ತೆಳುವಾದ ತೊಗಲಿನ ಚೂರನ್ನಿಟ್ಟು ಜೋಡಿಸಬಹುದು. ಕೀಲಿಗೆ ಅಂಟು ಸುರಿದು ಕೂರಿಸುವುದು ದುರಸ್ತಿಯಲ್ಲ. ಚಾಲಕ ಬದಲಾದಾಗ ಕನ್ನಡಿ ತಿರುಗಬೇಕು. ತಲೆ ಬಡಿದರೆ ಅದು ಸರಿದುಕೊಡಬೇಕು.

ಗಾಜು ಚೌಕಟ್ಟಿನಲ್ಲಿ ಅದುರುತ್ತಿದ್ದರೆ ಅಂಚಿಗೆ ಸಿಲಿಕೋನ್ ಅಂಟಿನ ಸಣ್ಣ ಸಣ್ಣ ಚುಕ್ಕೆಗಳು ಸಾಕು. ವಿನಿಗರ್ ವಾಸನೆ ಬೀರುವ ಬಗೆಯನ್ನು ಬಳಸಬಾರದು. ಅದರ ಆಮ್ಲ ಕನ್ನಡಿಯ ಹಿಂಬದಿಯ ಲೇಪವನ್ನು ತಿನ್ನುತ್ತದೆ.

ಮುಂಗಾಜಿಗೇ ಅಂಟಿಸುವ ಕನ್ನಡಿ ಕಳಚಿಬಿದ್ದರೆ ಮೊದಲು ಗಾಜಿನ ಹೊರಮೈಯಲ್ಲಿ ಜಾಗದ ಗುರುತು ಹಾಕಿ, ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದು, ಸ್ಪಿರಿಟ್‌ನಿಂದ ಒರೆಸಿ ಒಣಗಿಸಬೇಕು. ಈ ಕೆಲಸಕ್ಕೆಂದೇ ದೊರೆಯುವ ಅಂಟಿನಿಂದ ನೆರಳಿನಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಕನ್ನಡಿಯನ್ನು ತೂಗುಹಾಕುವುದು ಕ್ಷೇಮ. ಕ್ಷಣದಲ್ಲಿ ಹಿಡಿಯುವ ಸಾಮಾನ್ಯ ಅಂಟು ಬಿಸಿಲಿನ ಕಾವಿಗೂ ಅದುರಿಗೂ ಬಹುಕಾಲ ನಿಲ್ಲದು.

ಕೆಲಸ ಮುಗಿದ ಮೇಲೆ ಚಾಲಕನ ಸ್ಥಾನದಲ್ಲಿ ಎಂದಿನಂತೆ ಕುಳಿತು, ತಲೆ ಅಲುಗಿಸದೆ ಹಿಂಗಾಜು ಪೂರ್ತಿಯಾಗಿ ಕಾಣುವಂತೆ ಕನ್ನಡಿಯನ್ನು ಹೊಂದಿಸಬೇಕು. ಬಳಿಕ ರಸ್ತೆಯ ಉಬ್ಬೊಂದನ್ನು ನಿಧಾನವಾಗಿ ದಾಟಿ ನೋಡಬೇಕು. ನೋಟ ಕದಲದಿದ್ದರೆ ದುರಸ್ತಿ ಸಫಲ. ಹೊರಗನ್ನಡಿಗಳೇ ಇಲ್ಲದ ಹಲವು ಹಳೆಯ ಕಾರುಗಳಲ್ಲಿ ಹಿಂದಿನ ದಾರಿಗೆ ಇದೊಂದೇ ಕಣ್ಣು. ಆದರೂ ಹಿಂಗಾಜಿಗಿಂತ ಕೆಳಗೆ ಆಡುತ್ತಿರುವ ಮಗು ಎಂಥ ಕನ್ನಡಿಯಲ್ಲಿಯೂ ಕಾಣುವುದಿಲ್ಲ. ಅಂಗಳದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಒಮ್ಮೆ ಇಳಿದು ಸುತ್ತ ನೋಡುವ ಅಭ್ಯಾಸವನ್ನು ಮನೆಯ ಹಿರಿಯರೂ ಕಿರಿಯರೂ ರೂಢಿಸಿಕೊಳ್ಳಲಿ.