ಕೆಂಡದಡ್ಯೆ ಮತ್ತು ಓವನ್ನಿನ ಕಂಬಿ ತಟ್ಟೆ

ಹಲಸು ಹಣ್ಣಾಯಿತೆಂದರೆ ಕಾರ್ಕಳ, ಕಾಪು ಕಡೆಯ ಮನೆಗಳಲ್ಲಿ ಕೆಂಡದಡ್ಯೆಯ ಮಾತು ಬಂದೇ ಬರುತ್ತದೆ. ನೆನೆಸಿದ ಅಕ್ಕಿ, ತೆಂಗಿನ ತುರಿ, ಬೆಲ್ಲ, ಹಲಸಿನ ಸೊಳೆ ಎಲ್ಲ ರುಬ್ಬಿ, ಬಾಡಿಸಿದ ಬಾಳೆಲೆ ಹಾಸಿದ ದಪ್ಪ ತಳದ ಪಾತ್ರೆಗೆ ಹೊಯ್ಯುವುದು. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಇದು ಅಜ್ಜಿಯಂದಿರ ಕ್ರಮ.

ಈಗ ಸೌದೆ ಒಲೆ ಬಿಟ್ಟ ಮನೆಗಳೂ ಉಂಟು. ಉಡುಪಿಗೋ ಮಣಿಪಾಲಕ್ಕೋ ಕೆಲಸಕ್ಕೆ ಹೋಗುವ ಮಕ್ಕಳು ವಿದ್ಯುತ್ ಓವನ್ ತಂದಿಡುತ್ತಾರೆ. ನಮ್ಮಲ್ಲಿಗೂ ಹಾಗೆಯೇ ಬಂತು. ಬೆಂಕಿ ಇರುವುದು ಕೆಳಗಲ್ಲವೇ ಎಂದು ನಾನು ಕಂಬಿ ತಟ್ಟೆಯನ್ನು ತೀರಾ ಕೆಳಗಿನ ಮೆಟ್ಟಿಲಿಗೆ ಸಿಕ್ಕಿಸಿ, ಕೆಳಗಿನ ಸರಳನ್ನು ಮಾತ್ರ ಕಾಯಿಸಿ, ಅಡ್ಯೆ ಇಟ್ಟೆ. ತಳ ಕರಿ ಮಸಿ, ನಡುವೆ ಹಸಿ ಹಿಟ್ಟು. ನೆಂಟರು ಜಗಲಿಯಲ್ಲಿ ಕೂತಿದ್ದರು ಮಾರಾಯ್ರೇ! ಒಂದು ಸೇರು ಅಕ್ಕಿ, ಅರ್ಧ ಹಲಸಿನ ಹಣ್ಣು, ಎಲ್ಲ ದನದ ಅಕ್ಕಚ್ಚಿಗೆ ಹೋಯಿತು.

ಅತ್ತೆ ಕೇಳಿದ್ದು ಒಂದೇ ಮಾತು: “ಮೇಲೆ ಕೆಂಡ ಹಾಕಿದ್ದೀಯಾ ಮಗಾ?”

ವಿಷಯ ಅಲ್ಲೇ ಇರುವುದು. ಓವನ್ನಿನೊಳಗೆ ಕೆಳಗೊಂದು, ಮೇಲೊಂದು ಕಾಯುವ ಸರಳು ಇರುತ್ತದೆ. ಯಾವುದಕ್ಕೆ ಹತ್ತಿರ ಇಡುತ್ತೇವೋ ಆ ಬದಿ ಮೊದಲು ಕೆಂಪಾಗುತ್ತದೆ. ಅಡ್ಯೆಯಂಥ ದಪ್ಪ ಪದಾರ್ಥಕ್ಕೆ ಎರಡೂ ಸರಳು ಕಾಯಬೇಕು. ಇಲ್ಲಿ ಹಲವರು ಎಡವುತ್ತಾರೆ: ನಡುವೆ ಇರಬೇಕಾದದ್ದು ಕಂಬಿ ತಟ್ಟೆಯಲ್ಲ, ಪಾತ್ರೆಯೊಳಗಿನ ಹಿಟ್ಟು. ಪಾತ್ರೆ ಎತ್ತರದ್ದಾದರೆ ತಟ್ಟೆಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಡಿ. ಬಿಸ್ಕತ್ತಿನಂಥ ತೆಳು ತಿಂಡಿಗೆ ಸರಿ ನಡು ಮೆಟ್ಟಿಲೇ ಆಗಬಹುದು. ತಟ್ಟೆಯನ್ನು ಓವನ್ ತಣ್ಣಗಿರುವಾಗಲೇ ಸಿಕ್ಕಿಸಿಕೊಳ್ಳಿ. ಕಾದ ಮೇಲೆ ಎಳೆದಾಡಿದರೆ ಕೈ ಸುಡುತ್ತದೆ, ಬಿಸಿಯೂ ಹೊರಗೆ ಹೋಗುತ್ತದೆ.

ಮರುವಾರ ಹತ್ತು ನಿಮಿಷ ಮೊದಲೇ ಕಾಯಿಸಿ, 180 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟೆ. ತೊಳೆದ ತೆಂಗಿನ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ. ಮೇಲೆ ಬೇಗ ಕೆಂಪಾಗಿ ಒಳಗೆ ಹಸಿ ಉಂಟೆಂದು ಕಂಡರೆ ಲೋಹದ ಮುಚ್ಚಳ ಮುಚ್ಚಿ. ಬಾಳೆಲೆಯ ಅಂಚು ಸರಳಿಗೆ ತಾಗದಂತೆ ಕತ್ತರಿಸಿರಬೇಕು. ಕಂಬಿ ತಟ್ಟೆಯನ್ನು ಪೂರಾ ಮುಚ್ಚುವ ಹರಿವಾಣವೂ ಬೇಡ. ಬಿಸಿ ಗಾಳಿ ಓಡಾಡಲು ಸುತ್ತ ಎರಡು ಬೆರಳು ಸಂದು ಬಿಡಿ.

ಮೇಲಿನ ಮೆಟ್ಟಿಲು ಯಾವುದಕ್ಕೆ? ಮಟ್ಟುಗುಳ್ಳಕ್ಕೆ! ಗೊಜ್ಜಿಗೆ ಗುಳ್ಳ ಸುಡುವಾಗ ಮೇಲಿನ ಸರಳಿನ ಹತ್ತಿರ ಇಟ್ಟು, ಆಗಾಗ ಹೊರಳಿಸಿ. ಮೊದಲು ಕತ್ತಿಯ ಮೊನೆಯಿಂದ ನಾಲ್ಕು ಕಡೆ ಚುಚ್ಚಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಕೆಂಡದ ಹೊಗೆಯ ಪರಿಮಳ ಮಾತ್ರ ಸಿಕ್ಕದು, ಅದನ್ನು ಒಪ್ಪಿಕೊಳ್ಳಬೇಕು.

ಗೇರುಬೀಜದ ತಿರುಳನ್ನು ನಡು ಮೆಟ್ಟಿಲಲ್ಲಿ, ತೆಳುವಾಗಿ ಹರಡಿ, ಹದ ಬಿಸಿಯಲ್ಲಿ ಹುರಿಯಿರಿ; ಕಣ್ಣು ಅದರ ಮೇಲೆಯೇ ಇರಲಿ. ಸಿಪ್ಪೆ ಸಮೇತ ಗೇರುಬೀಜವನ್ನು ಮಾತ್ರ ಯಾವ ಮೆಟ್ಟಿಲಲ್ಲೂ ಇಡಬಾರದು. ಸಿಪ್ಪೆಯ ಎಣ್ಣೆ ಹೊತ್ತಿಕೊಳ್ಳುತ್ತದೆ; ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು.